ಸೋರುತ್ತಿದ್ದ ಫೋಟಾನ್ ಹಿಡಿದಿದ್ದು: ಸಿಲಿಕಾನ್ ಸ್ಪಿನ್‌ಗೆ ರೆಸೊನೇಟರ್ ಜೋಡಿಸಿದ ನನ್ನ ಅನುಭವ

ರೆಸೊನೇಟರ್ (ಮೈಕ್ರೋವೇವ್ ಫೋಟಾನನ್ನು ಹಿಡಿದಿಡೋ ಸರ್ಕ್ಯೂಟ್) ಮೂಲಕ ಸಿಗ್ನಲ್ ಕಳಿಸಿ ನೋಡಿದಾಗ ಕೊನೆಗೂ ಎರಡು ಪೀಕ್ ಬೇರೆಬೇರೆಯಾಗಿ ಕಂಡವು. ನಡುವೆ ಸುಮಾರು 20 ಮೆಗಾಹರ್ಟ್ಸ್ ಅಂತರ, ಒಂದೊಂದರ ಅಗಲ 3-4. ಡಬಲ್ ಡಾಟ್‌ನ (ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಹಿಡಿದಿಡೋ ಅಕ್ಕಪಕ್ಕದ ಎರಡು ಪುಟ್ಟ ಗುಳಿ) ಒಂದು ಎಲೆಕ್ಟ್ರಾನ್ ಸ್ಪಿನ್‌ಗೂ ಒಂದು ಫೋಟಾನ್‌ಗೂ ನಂಟು ಬೆಳೆದಿದೆ ಅನ್ನೋದಕ್ಕೆ ಇನ್ನೇನು ಬೇಕು? 2018ರಲ್ಲೇ ಪ್ರಿನ್ಸ್‌ಟನ್ ಮತ್ತು ಡೆಲ್ಫ್ಟ್‌ನವರು ಇದನ್ನು ಮಾಡಿ ತೋರಿಸಿದ್ದರು. ಆದರೆ ಜರ್ಮನಿಯ ನಮ್ಮ ಲ್ಯಾಬಿನ ತೆಳು ಫಿಲ್ಮ್ ಹಾಕೋ ಹಳೇ ಸ್ಪಟರಿಂಗ್ ಮಷೀನಿನಲ್ಲಿ ಆಗೋ ಕೆಲಸವಲ್ಲ ಅಂತ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು.

ರೆಸೊನೇಟರ್‌ಗೆ ಮಾಮೂಲಿ 50 ಓಮ್ ಲೈನ್ ಬಿಟ್ಟು ನಯೋಬಿಯಂ ಟೈಟೇನಿಯಂ ನೈಟ್ರೈಡ್ ಅನ್ನೋ ಸೂಪರ್‌ಕಂಡಕ್ಟರ್ ತಂತಿಗೆ ಹೋಗಿದ್ದು ನನ್ನ ಹಠ. ದಪ್ಪ ಹತ್ತು ನ್ಯಾನೊಮೀಟರ್ ಒಳಗೆ, ಅಗಲ ನೂರರ ಆಸುಪಾಸು. ಇಂಪೀಡೆನ್ಸ್ ಎರಡು ಕಿಲೋಓಮ್ ಹತ್ತಿರ ಬಂತು. ಅದರಿಂದ ಚಾರ್ಜ್ ಕಪ್ಲಿಂಗ್ (ಎಲೆಕ್ಟ್ರಾನ್ ಚಾರ್ಜ್‌ಗೂ ಫೋಟಾನ್‌ಗೂ ಇರೋ ನಂಟಿನ ಬಲ) 30 ಮೆಗಾಹರ್ಟ್ಸ್‌ನಿಂದ 170ಕ್ಕೆ ಏರಿತು.

ತಲೆನೋವು ಶುರುವಾಗಿದ್ದು ಗೇಟ್ (ಡಾಟ್‌ಗೆ ವೋಲ್ಟೇಜ್ ಕೊಡೋ ಲೋಹದ ಲೈನ್) ಹಾಕಿದ ಮೇಲೆ. ಬರೀ ರೆಸೊನೇಟರ್‌ನ ಕ್ಯೂ (ಫೋಟಾನ್ ಸೋರದೆ ಎಷ್ಟು ಹೊತ್ತು ಉಳಿಯುತ್ತೆ ಅನ್ನೋ ಅಳತೆ) 20 ಸಾವಿರ ಇತ್ತು, ಗೇಟ್ ಸೇರಿದ ಮೇಲೆ 300. ಆರು ಗಿಗಾಹರ್ಟ್ಸ್‌ನಲ್ಲಿ ಅದು 20 ಮೆಗಾಹರ್ಟ್ಸ್ ಅಗಲ. ಸ್ಪಿನ್ ಕಪ್ಲಿಂಗ್ ಇರೋದೇ ಹತ್ತು (ಪೀಕ್‌ಗಳ ಅಂತರ ಅದರ ಎರಡರಷ್ಟು), ಪೀಕ್ ಹೇಗೆ ಬೇರೆಯಾಗಬೇಕು? ಫಿಲ್ಮ್ ಕೆಟ್ಟಿದೆ ಅಂದರು. ಹೊಸ ಟಾರ್ಗೆಟ್‌ಗೆ (ಸ್ಪಟರಿಂಗ್‌ಗೆ ಬೇಕಾದ ಲೋಹದ ಬಿಲ್ಲೆ) ಎರಡು ಸಾವಿರ ಯೂರೋ ಸುಮ್ನೆ ಹೋಯಿತು. ಗ್ರ್ಯಾನ್ಯುಲರ್ ಅಲ್ಯೂಮಿನಿಯಂ ಕೂಡ ಹಾಕಿ ನೋಡಿದೆ. ಆಕ್ಸಿಜನ್ ಚೂರು ಜಾಸ್ತಿಯಾದರೂ ರೆಸಿಸ್ಟೆನ್ಸ್ ಎಲ್ಲೆಲ್ಲೋ ಹೋಗುತ್ತೆ, ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಟೆಸ್ಟ್ ಚಿಪ್‌ಗಳಲ್ಲಿ ಗೇಟ್ ಲೈನ್‌ಗಳನ್ನು ಒಂದೊಂದಾಗಿ ಕಡಿದು ಅಳೆದೆ. ರೆಸೊನೇಟರ್ ಪಕ್ಕದ ಪ್ಲಂಜರ್ (ಡಾಟ್‌ನ ಎನರ್ಜಿ ಹೊಂದಿಸೋ ಗೇಟ್) ಲೈನ್ ಕಡಿದಾಗ ಕ್ಯೂ ಒಮ್ಮೆಲೇ ಮೇಲೆದ್ದಿತು. ಫೋಟಾನ್ ಆ ದಾರಿಯಲ್ಲೇ ಸೋರುತ್ತಿತ್ತು! ಫಿಲ್ಮ್‌ದು ಏನೂ ತಪ್ಪಿರಲಿಲ್ಲ.

ಹಾಗಾಗಿ ಪ್ರತಿ ಲೈನಿಗೂ ಫೋಟಾನ್ ಸೋರದಂತೆ ಚಿಪ್ ಮೇಲೇ ಎಲ್‌ಸಿ (ಇಂಡಕ್ಟರ್-ಕೆಪಾಸಿಟರ್) ಫಿಲ್ಟರ್ ಹಾಕಿದೆ. ಇಂಡಕ್ಟರ್‌ನ ಸ್ಪೈರಲ್‌ಗೂ ಅದೇ ಫಿಲ್ಮ್ ಸಾಕು, ಇಂಡಕ್ಟೆನ್ಸ್ ತಾನಾಗೇ ಸಿಗುತ್ತೆ, ಇನ್ನೊಂದು ಲೇಯರ್ ಖರ್ಚಿಲ್ಲ. ಕೆಪಾಸಿಟರ್‌ನ ನೈಟ್ರೈಡ್ ಇನ್ಸುಲೇಟರ್‌ನಲ್ಲಿ ಸಣ್ಣ ತೂತು (ಪಿನ್‌ಹೋಲ್) ಬಂದು ಗೇಟ್ ಲೀಕ್ ಆಗಿ ಬಹಳ ಚಿಪ್ ಹಾಳಾದವು. ಅದನ್ನು ತಡೆದಿದ್ದು ಹೇಗೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಕ್ಯೂ 2,500ಕ್ಕೆ ಬಂತು.

ಬಾಂಡಿಂಗ್‌ನಲ್ಲಿ (ಚಿಪ್‌ಗೆ ತಂತಿ ಜೋಡಿಸುವಾಗ) ಸ್ಟ್ಯಾಟಿಕ್ ಹೊಡೆದರೆ ತಿಂಗಳ ಕ್ಲೀನ್‌ರೂಮ್ ಬಿಲ್ ನೀರುಪಾಲು. ಗೇಟ್‌ಗಳನ್ನೆಲ್ಲ ಲೋಹದ ಪಟ್ಟಿಯಿಂದ ಒಂದಕ್ಕೊಂದು ಶಾರ್ಟ್ ಮಾಡಿ ಬಾಂಡ್ ಮಾಡಿ. ಎಲ್ಲ ತಂತಿ ಗ್ರೌಂಡಿಗೆ ಸೇರಿದ ಮೇಲೆ ಆ ಪಟ್ಟಿಯನ್ನು ಸೂಜಿಯಲ್ಲಿ ಗೀರಿ ಕಡಿಯಿರಿ.

ಸ್ಪಿನ್ ರೆಸೊನೇಟರ್‌ನ ಆರು ಗಿಗಾಹರ್ಟ್ಸ್‌ಗೆ ಬರಲು ಒಟ್ಟು 210 ಮಿಲಿಟೆಸ್ಲಾ ಮ್ಯಾಗ್ನೆಟಿಕ್ ಫೀಲ್ಡ್ ಬೇಕು. ಒಂದಷ್ಟನ್ನು ಕೋಬಾಲ್ಟ್ ಮೈಕ್ರೋಮ್ಯಾಗ್ನೆಟ್ಟೇ ಕೊಡುತ್ತೆ, ಆದ್ದರಿಂದ ಹೊರಗಿನ ಫೀಲ್ಡನ್ನು ನೂರರಿಂದಲೇ ಹುಡುಕಲು ಶುರುಮಾಡಿ. ಮುಂದಿನ ಮಾಸ್ಕ್‌ನಲ್ಲಿ (ಚಿಪ್ ವಿನ್ಯಾಸದ ಅಚ್ಚು) ರೆಸೊನೇಟರ್‌ನ ಎರಡೂ ತುದಿಗೆ ಒಂದೊಂದು ಡಬಲ್ ಡಾಟ್ ಇಡುತ್ತಿದ್ದೇನೆ, ಎಲ್ಲ ಲೈನಿಗೂ ಇದೇ ಫಿಲ್ಟರ್.