ವ್ಯಾನಿಗೆ ಫ್ರಿಜ್ ಕಟ್ಟುವುದು: ಮೊದಲು ಪೆಟ್ಟಿಗೆ, ಆಮೇಲೆ ಕಂಪ್ರೆಸರ್

ಮೇ ತಿಂಗಳ ರಾಯಚೂರಿನಲ್ಲಿ ನೆರಳಲ್ಲೇ 42 ಡಿಗ್ರಿ. ಬಿಸಿಲಿಗೆ ನಿಲ್ಲಿಸಿದ ವ್ಯಾನಿನೊಳಗೆ 50 ದಾಟುವುದೂ ಉಂಟು. ಅಗ್ಗಕ್ಕೆ ಸಿಗುವ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಕೂಲರ್ ಇಲ್ಲಿ ದಂಡ. ಅದು ಸುತ್ತಲಿನ ಗಾಳಿಗಿಂತ ಹೆಚ್ಚೆಂದರೆ 20 ಡಿಗ್ರಿ ಇಳಿಸಬಲ್ಲದು, ಹಾಲು ಕೆಡಲು ಉಳಿದ ಬಿಸಿಯೇ ಸಾಕು. ಮನೆಯ ಫ್ರಿಜ್ಜನ್ನು ಇನ್ವರ್ಟರ್‌ಗೆ ಜೋಡಿಸಿದರೆ ಇನ್ವರ್ಟರ್ ಸುಮ್ಮನೆ ಕೂತಾಗಲೂ ಬ್ಯಾಟರಿ ತಿನ್ನುತ್ತದೆ. ಉಳಿಯುವುದು 12 ವೋಲ್ಟಿನ ಡಿಸಿ ಕಂಪ್ರೆಸರ್ ಕಿಟ್. ಆದರೆ ಎಷ್ಟೇ ದುಬಾರಿ ಕಂಪ್ರೆಸರ್ ತಂದರೂ ಪೆಟ್ಟಿಗೆ ಸರಿಯಿಲ್ಲದಿದ್ದರೆ ಅದು ಹಗಲು ರಾತ್ರಿ ಓಡುತ್ತಲೇ ಇರುತ್ತದೆ.

ಅಳತೆಯಲ್ಲಿ ದುರಾಸೆ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಫ್ರಿಜ್ ಬೇಕಿಲ್ಲ; ಹಾಲು, ಮೊಸರು, ತರಕಾರಿ, ಔಷಧಿಗಷ್ಟೇ ಬೇಕು. ಇಬ್ಬರಿಗೆ ಒಳ ಅಳತೆ 50×32×32 ಸೆಂ.ಮೀ., ಅಂದರೆ ಸುಮಾರು 51 ಲೀಟರ್ ಸಾಕು. ಮುಚ್ಚಳ ಮೇಲಿರಲಿ. ಪಕ್ಕದ ಬಾಗಿಲು ತೆರೆದೊಡನೆ ತಣ್ಣನೆ ಗಾಳಿ ಕೆಳಗೆ ಸುರಿದು ಹೋಗುತ್ತದೆ.

ಒಳಗಿನ ತೊಟ್ಟಿಯನ್ನು 0.8 ಮಿ.ಮೀ. ದಪ್ಪದ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಮಾಡಿಸಿ. ಸುತ್ತ 25 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ಫೋಮ್) ಶೀಟ್ ಮೂರು ಪದರ, ಒಟ್ಟು 75 ಮಿ.ಮೀ. ಒಂದು ಪದರದ ಸಂದಿನ ಮೇಲೆ ಇನ್ನೊಂದರ ಸಂದು ಬೀಳಬಾರದು. ಬಿಳಿ ಥರ್ಮಾಕೋಲ್ ಅಗ್ಗ, ಆದರೆ ನೀರು ಕುಡಿಯುತ್ತದೆ. ಬಡಗಿಗಳ ಹಳದಿ ಸಲ್ಯೂಷನ್ನೂ ಬೇಡ, ಅದರ ದ್ರಾವಕ ಶೀಟನ್ನೇ ಕರಗಿಸುತ್ತದೆ. ಪಿಯು (ಪಾಲಿಯುರೆಥೇನ್) ಅಂಟು ಬಳಸಿ. ಡಬ್ಬಿಯ ಸ್ಪ್ರೇ ಫೋಮ್ ಸಂದುಗಳಿಗಷ್ಟೇ ಸರಿ. ಮುಚ್ಚಿದ ದೊಡ್ಡ ಜಾಗಕ್ಕೆ ಅದನ್ನೇ ತುಂಬಿದರೆ ಒಳಗೆ ಹಸಿಯಾಗೇ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಗಾಳಿಯ ತೇವ ಯಾವಾಗಲೂ ಬಿಸಿ ಕಡೆಯಿಂದ ತಂಪಿನ ಕಡೆಗೆ ನುಗ್ಗುತ್ತದೆ. ಹಾಗಾಗಿ ತೇವ ತಡೆಯುವ ಅಲ್ಯೂಮಿನಿಯಂ ಫಾಯಿಲ್ ಟೇಪು ಅಥವಾ ದಪ್ಪ ಪಾಲಿಥೀನ್ ಇನ್ಸುಲೇಷನ್ನಿನ ಹೊರಮೈಗೆ ಬರಬೇಕು, ಒಳಮೈಗಲ್ಲ. ಮೂಲೆ, ಕಂಪ್ರೆಸರ್ ಪೈಪಿನ ತೂತು ಯಾವುದನ್ನೂ ಬಿಡದೆ ಮುಚ್ಚಿ, ಅದರ ಮೇಲೆ 6 ಮಿ.ಮೀ. ಪ್ಲೈವುಡ್ ಹೊದಿಸಿ. ಇದು ತಪ್ಪಿದರೆ ಒಂದೆರಡು ಮಳೆಗಾಲದಲ್ಲಿ ಫೋಮ್ ಒಳಗೊಳಗೇ ಒದ್ದೆಯಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ.

ಒಳಗನ್ನು ತಣಿಸುವ ಇವಾಪರೇಟರ್ ಪ್ಲೇಟ್ ಕೂರಿಸುವ ಮೊದಲು ಪೆಟ್ಟಿಗೆಯನ್ನು ಪರೀಕ್ಷಿಸಿ. ಪೈಪಿನ ತೂತು ಮುಚ್ಚಿ, 5 ಕೆ.ಜಿ. ಐಸ್ ಹಾಕಿ ನೆರಳಲ್ಲಿಡಿ. ಮರುದಿನ ಅದೇ ಹೊತ್ತಿಗೆ ಚೂರಾದರೂ ಐಸ್ ಉಳಿದಿರಬೇಕು. ರಾತ್ರಿಯೊಳಗೇ ನೀರಾದರೆ ಮುಚ್ಚಳದ ಗ್ಯಾಸ್ಕೆಟ್ (ಅಂಚಿನ ರಬ್ಬರ್ ಪಟ್ಟಿ) ನೋಡಿ: ಅಂಚಿನಲ್ಲಿ ಕಾಗದ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದ ಕಡೆಯಲ್ಲೇ ಸೋರಿಕೆ.

ಇವಾಪರೇಟರ್ ಪ್ಲೇಟನ್ನು ಪಕ್ಕದ ಗೋಡೆಯ ಮೇಲ್ಭಾಗಕ್ಕೆ, 10 ಮಿ.ಮೀ. ನೈಲಾನ್ ಸ್ಪೇಸರ್ ಕೊಟ್ಟು, ಕಂಪನಿ ಕೊಟ್ಟ ತೂತುಗಳಲ್ಲೇ ಬಿಗಿಯಿರಿ. ಬೇರೆಲ್ಲಾದರೂ ಡ್ರಿಲ್ ಮಾಡಿದರೆ ಗ್ಯಾಸ್ ಹೋಯಿತು, ಪ್ಲೇಟೂ ಹೋಯಿತು. ತಾಮ್ರದ ಪೈಪನ್ನು ದೊಡ್ಡ ಸುತ್ತಿನಲ್ಲೇ ಬಗ್ಗಿಸಿ. ಸಾಧ್ಯವಿದ್ದರೆ ಗ್ಯಾಸ್ ತುಂಬಿಯೇ ಬರುವ ಕಿಟ್ ಕೊಳ್ಳಿ. ಇಲ್ಲದಿದ್ದರೆ ಎಸಿ ಮೆಕ್ಯಾನಿಕ್ ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಅರ್ಧ ಗಂಟೆ ಓಡಿಸಿ, ಲೇಬಲ್ಲಿನಲ್ಲಿರುವಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಲಿ. ಆರ್134ಎ ಎಂಬ ಫ್ರಿಜ್ ಗ್ಯಾಸಿನ ಕಿಟ್ಟಿಗೆ 'ಅಗ್ಗ ಬೀಳುತ್ತೆ' ಅಂತ ಎಲ್‌ಪಿಜಿ ಸೇರಿಸಲು ಬಂದರೆ ಖಡಾಖಂಡಿತ ಬೇಡ ಅನ್ನಿ. ಅದು ಉರಿಯುವ ಅನಿಲ, ನೀವು ಮಲಗುವುದು ಅದೇ ವ್ಯಾನಿನಲ್ಲಿ.

ಪೆಟ್ಟಿಗೆಯಿಂದ ಹೊರಹಾಕಿದ ಬಿಸಿ ವ್ಯಾನಿನಿಂದಲೂ ಹೊರಗೆ ಹೋಗಬೇಕು. ಆ ಬಿಸಿ ಬಿಡುವ ಕಂಡೆನ್ಸರ್ ಇರುವ ಗೂಡಿಗೆ ಕೆಳಗೊಂದು, ಮೇಲೊಂದು ಕಿಂಡಿ ಬಿಟ್ಟು, 120 ಮಿ.ಮೀ. ಫ್ಯಾನ್ ಹಾಕಿ. ಎರಡರ ನಡುವೆ ತಗಡಿನ ತಡೆ ಇಲ್ಲದಿದ್ದರೆ ಬಿಟ್ಟ ಬಿಸಿಗಾಳಿಯೇ ಮತ್ತೆ ಒಳಬರುತ್ತದೆ. ಸಂಡೂರು ಕಡೆಯ ಅದಿರು ಲಾರಿಗಳ ದಾರಿ ಹಿಡಿಯುವವರು ಧೂಳು ತಡೆಯಲು ಕೆಳಗಿನ ಕಿಂಡಿಗೆ ತೊಳೆಯಬಹುದಾದ ಜಾಲರಿ ಹಾಕಿ, ಪ್ರತಿ ಸುತ್ತಾಟದ ನಂತರ ತೊಳೆಯಲೇಬೇಕು.

ವೈರಿನಲ್ಲಿ ಜಿಪುಣತನ ಮಾಡಿದರೆ ಕಂಪ್ರೆಸರ್ ಶುರುವಾಗಲು ಯತ್ನಿಸಿ ನಿಲ್ಲುತ್ತದೆ, ಮತ್ತೆ ಯತ್ನಿಸುತ್ತದೆ. 5 ಆಂಪಿಯರ್‌ನಲ್ಲಿ, 4 ಮೀಟರ್ ದೂರಕ್ಕೆ, 1.5 ಚ.ಮಿ.ಮೀ. ವೈರಿನಲ್ಲಿ ಅರ್ಧ ವೋಲ್ಟಿನಷ್ಟು ಕಳೆದುಹೋಗುತ್ತದೆ, 4 ಚ.ಮಿ.ಮೀ. ಹಾಕಿದರೆ 0.2ಕ್ಕೂ ಕಡಿಮೆ. ಡ್ಯಾಶ್‌ಬೋರ್ಡಿನ ಸಾಕೆಟ್ ಬಿಟ್ಟು ಬ್ಯಾಟರಿಯಿಂದಲೇ ನೇರ ಎಳೆದು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇಡಿ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 600 ವ್ಯಾಟ್-ಅವರ್ ಬೇಕೆಂದು ಲೆಕ್ಕ ಹಾಕಿದರೆ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯೂ 200 ವ್ಯಾಟ್ ಸೋಲಾರ್ ಪ್ಯಾನೆಲ್ಲೂ ಸಾಕು. ಬಿಸಿಲಿಗಂತೂ ಇಲ್ಲಿ ಬರವಿಲ್ಲ.

ಥರ್ಮೋಸ್ಟಾಟನ್ನು 4 ಡಿಗ್ರಿಗೆ ಇಟ್ಟು, ಖಾಲಿ ಪೆಟ್ಟಿಗೆಯನ್ನು ರಾತ್ರಿಯಿಡೀ ತಣಿಸಿ, ತಣ್ಣಗಿರುವ ಸಾಮಾನನ್ನೇ ತುಂಬಿ. 35 ಡಿಗ್ರಿಯ 10 ಲೀಟರ್ ನೀರನ್ನು 5ಕ್ಕೆ ಇಳಿಸಲು ಸುಮಾರು 350 ವ್ಯಾಟ್-ಅವರ್ ಶಾಖ ತೆಗೆಯಬೇಕು; ಅಷ್ಟಕ್ಕೇ ಅರ್ಧ ದಿನದ ಕರೆಂಟ್ ಖರ್ಚು. ಕುಡಿಯುವ ನೀರಿಗೆ ಮಣ್ಣಿನ ಹೂಜಿಯೇ ಲೇಸು. ಪ್ಲೇಟಿನ ಮೇಲೆ ಮಂಜು 5 ಮಿ.ಮೀ. ಕಟ್ಟಿದರೆ ಆಫ್ ಮಾಡಿ ಕರಗಲು ಬಿಡಿ, ಚಾಕುವಿನಿಂದ ಕೆರೆಯಬೇಡಿ.