ಚೆಂಡಿನ ಬದಲು ಸಿಪ್ಪೆಗೋಟು

"ತಂಗಿ, ಈ ಚೆಂಡು ಒತ್ತಿ ಒತ್ತಿ ನಂಗೆ ಏನಾಗ್ಬೇಕು? ಚಾಲಿ ಸುಲಿಯೋಕೆ ಆಗ್ತದಾ ಹೇಳು."

ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯೊಬ್ಬರು ಹೀಗೆ ಕೇಳಿದಾಗ ನಾನು ಸುಮ್ಮನಾದೆ. ಚಾಲಿ ಅಂದರೆ ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಅಡಿಕೆ. ಅವರಿಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ಎಡಗೈ ಬೆರಳು ಮಡಚುತ್ತಿದ್ದವು, ಬಿಚ್ಚುವುದೇ ಕಷ್ಟ. ನಾನು ಆಕ್ಯುಪೇಷನಲ್ ಥೆರಪಿಸ್ಟ್. ಊಟ, ಸ್ನಾನ, ಬಟ್ಟೆ, ಅಡುಗೆ, ದುಡಿಮೆ, ಇವನ್ನು ಮತ್ತೆ ಮಾಡಿಕೊಳ್ಳುವಂತೆ ಮಾಡುವುದೇ ನನ್ನ ಕೆಲಸ. ಅಂಥವಳೇ ಅವರ ಕೈಗೆ ರಬ್ಬರ್ ಚೆಂಡು ಕೊಟ್ಟು ಬಂದಿದ್ದೆ. ಅವರ ದಿನ ಹೇಗೆ ಕಳೆಯುತ್ತದೆ ಅಂತ ಕೇಳಿರಲಿಲ್ಲ.

ಕೇಳುವುದಕ್ಕೆ ನಮ್ಮಲ್ಲಿ ಒಳ್ಳೆಯ ಸಾಧನವೇ ಇದೆ. 1991ರಲ್ಲಿ ಕೆನಡಾದವರು ಹೊರತಂದದ್ದು, ಸಿಒಪಿಎಂ ಅಂತ ಕರೆಯುತ್ತೇವೆ. ಯಾವ ಕೆಲಸ ಬೇಕು ಅಂತ ರೋಗಿಯೇ ಹೇಳಬೇಕು. ಅದನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಎಷ್ಟು ಸಮಾಧಾನ ಇದೆ ಅಂತ 10ರಲ್ಲಿ ಅಂಕವನ್ನೂ ಅವರೇ ಕೊಡಬೇಕು. ಅಜ್ಜಿ ಹೇಳಿದ ಕೆಲಸ ಚಾಲಿ ಸುಲಿಯುವುದು, ಎರಡಕ್ಕೂ ಒಂದೊಂದೇ ಅಂಕ ಕೊಟ್ಟರು.

ಅಡಿಕೆ ಸುಲಿಯುವ ಮೆಟ್ಟುಗತ್ತಿ ತಕ್ಷಣ ಕೊಡುವ ಹಾಗಿರಲಿಲ್ಲ. ಕಣ್ಣು ಮುಚ್ಚಿಸಿ ಬೆರಳು ಮುಟ್ಟಿದರೆ ಯಾವ ಬೆರಳು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಸ್ಪರ್ಶ ತಿಳಿಯದ ಕೈ ಅಲಗಿನ ಹತ್ತಿರ ಹೋಗಬಾರದು. ಹಾಗಾಗಿ ಮೊದಲು ಸಿಪ್ಪೆಗೋಟು, ಅಂದರೆ ಸುಲಿಯದ ಒಣ ಅಡಿಕೆ, ತರಿಸಿದೆ. ಅದು ದಪ್ಪ, ಒರಟು, ಜಾರುವುದಿಲ್ಲ. ಮೊರದಿಂದ ಬುಟ್ಟಿಗೆ ಎಡಗೈಯಲ್ಲಿ ಹಾಕುವುದು, ಒಮ್ಮೆಗೆ ಇಪ್ಪತ್ತು. ಹಿಡಿಯುವುದಕ್ಕಿಂತ ಬಿಡುವುದಕ್ಕೇ ಜಾಸ್ತಿ ಹೊತ್ತು ಬೇಕಾಯಿತು. ಕೈ ಬುಟ್ಟಿಯ ಮೇಲೆ ನಿಲ್ಲುತ್ತಿತ್ತು, ಅಜ್ಜಿ ಉಸಿರು ಬಿಟ್ಟು ಕಾಯುತ್ತಿದ್ದರು, ಆಮೇಲೆ ಹೆಬ್ಬೆರಳು ನಿಧಾನ ಸರಿದು ಅಡಿಕೆ ಟಪ್ ಅಂತ ಬೀಳುತ್ತಿತ್ತು. ಆ ಸದ್ದಿಗೆ ಅವರ ಮುಖ ಅರಳುತ್ತಿತ್ತು. ಅದು ಸಲೀಸಾದ ಮೇಲೆ ಸುಲಿದ ಚಾಲಿ ಆರಿಸುವುದಕ್ಕೆ ಕೂರಿಸಿದೆ. ಅದು ಸಣ್ಣದು, ನುಣುಪು, ಬೆರಳ ತುದಿಗೇ ಕೆಲಸ.

ಸೊಸೆಗೆ ವ್ಯಾಯಾಮದ ಹಾಳೆ ಕೊಟ್ಟಿದ್ದೆ. ಅದು ಕ್ಯಾಲೆಂಡರ್ ಹಿಂದೆ ಹಾಗೇ ಇತ್ತು. ಈಗ ವಾಟ್ಸಾಪ್‌ನಲ್ಲಿ ಒಂದು ನಿಮಿಷದ ಧ್ವನಿ ಕಳಿಸುತ್ತೇನೆ, ಒಂದು ಸಲಕ್ಕೆ ಒಂದೇ ವಿಷಯ. "ರವಿಕೆ ಹಾಕುವಾಗ ಎಡಗೈ ಮೊದಲು, ತೆಗೆಯುವಾಗ ಎಡಗೈ ಕೊನೆಗೆ." "ತಟ್ಟೆ ಕೆಳಗೆ ಒದ್ದೆ ಬಟ್ಟೆ ಇಡಿ, ಜಾರುವುದಿಲ್ಲ." "ಚಮಚದ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ." ಇದನ್ನು ಅವರು ಕೇಳುತ್ತಾರೆ, ಮಾಡುತ್ತಾರೆ.

ಘಟ್ಟದ ಕೆಳಗೆ ಕುಮಟಾ ಕಡೆಯ ಒಂದು ಮಗುವಿನಿಂದ ಇನ್ನೊಂದು ಪಾಠ ಕಲಿತೆ. ಅದಕ್ಕೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬಾರದ ಸ್ಥಿತಿ. ಕೂರಲು ಆಧಾರ ಬೇಕು. ರಟ್ಟು, ಪೇಪರ್ ಅಂಟಿಸಿ ಮೂಲೆ ಕುರ್ಚಿ ಮಾಡಿಕೊಟ್ಟೆ. ಖರ್ಚಿಲ್ಲದ ಒಳ್ಳೆಯ ವಿಧಾನವೇ ಅದು. ಆದರೆ ಕರಾವಳಿಯ ಆಷಾಢದ ಮಳೆಗೆ ರಟ್ಟು ಥಂಡಿ ಹಿಡಿದು ಮೆತ್ತಗಾಯಿತು, ಮಗು ಒಂದು ಪಕ್ಕಕ್ಕೆ ವಾಲತೊಡಗಿತು. ಆಮೇಲೆ ಊರಿನ ಬಡಗಿ ಅದೇ ಅಳತೆಗೆ ಪ್ಲೈವುಡ್‌ನಲ್ಲಿ ಮಾಡಿಕೊಟ್ಟರು. ಮುಂದೆ ಒಂದು ಹಲಗೆಯನ್ನೂ ಸೇರಿಸಿದರು. ಈಗ ಮಗು ಅದರ ಮೇಲೆ ತಟ್ಟೆ ಇಟ್ಟುಕೊಂಡು ಅಣ್ಣನ ಜೊತೆಗೇ ಉಣ್ಣುತ್ತದೆ. ಅಂಥ ಬಡಗಿಯ ಫೋನ್ ನಂಬರ್ ಪ್ರತಿ ಥೆರಪಿಸ್ಟ್ ಹತ್ತಿರ ಇರಬೇಕು.

ಇನ್ನು ಕಾಗದಪತ್ರ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಹೆಚ್ಚಿನ ಸೌಲಭ್ಯಕ್ಕೆ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅವರಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಗಾಲಿಕುರ್ಚಿಗೆ ಅರ್ಜಿ ಹಾಕುವ ಮೊದಲು ಬಚ್ಚಲು ಬಾಗಿಲು ಅಳೆಯಿರಿ. ಜಗಲಿ ಒಂದಡಿ ಎತ್ತರ ಇದ್ದರೆ ಇಳಿಜಾರಿಗೆ 12 ಅಡಿ ಉದ್ದ ಬೇಕು, ಅಂಗಳ ಅಷ್ಟಿದೆಯಾ ನೋಡಿ.

ಕಳೆದ ವಾರ ಅಜ್ಜಿ ಚಾಲಿ ಆರಿಸುವುದಕ್ಕೆ 10ರಲ್ಲಿ 6 ಕೊಟ್ಟರು. ಸುಲಿಯುವುದಕ್ಕೆ ಇನ್ನೂ ಒಂದೇ. ಮೆಟ್ಟುಗತ್ತಿ ಅಟ್ಟದ ಮೇಲೇ ಇದೆ. "ಯಾವಾಗ ಇಳಿಸೋದು?" ಅಂತ ಪ್ರತಿ ಸಲ ಕೇಳುತ್ತಾರೆ. ನಾನು ಅವರ ಕಣ್ಣು ಮುಚ್ಚಿಸಿ ಬೆರಳು ಮುಟ್ಟುತ್ತೇನೆ. ಐದರಲ್ಲಿ ಮೂರು ಸರಿಯಾಗಿ ಹೇಳುತ್ತಿದ್ದಾರೆ.