ಪಿಕಪ್ ಟೈರಿಗೆ ಎಷ್ಟು ಗಾಳಿ? ನಾನು ಕಂಡುಕೊಂಡ ಲೆಕ್ಕ

ಕಾಫಿ ಸೀಸನ್‌ನಲ್ಲಿ ಕೊಡಗಿನ ಸಿದ್ದಾಪುರದ ಸುತ್ತಮುತ್ತ ಯಾವ ಪಂಚರ್ ಅಂಗಡಿಗೆ ಹೋಗಿ ಕೇಳಿ, ಪಿಕಪ್‌ಗೆ ಎಷ್ಟು ಗಾಳಿ ಅಂತ. ಒಬ್ಬರು 45 ಪಾಯಿಂಟ್ (ಅಂದರೆ ಪಿಎಸ್‌ಐ, ಗಾಳಿಯ ಒತ್ತಡದ ಅಳತೆ) ಅನ್ನುತ್ತಾರೆ. ಇನ್ನೊಬ್ಬರು 60. ಮತ್ತೊಬ್ಬರು ಏನೂ ಹೇಳುವುದಿಲ್ಲ, ಟೈರಿಗೆ ಒಂದು ಒದೆ ಕೊಟ್ಟು ನೋಡಿ ಪೈಪ್ ಸಿಕ್ಕಿಸುತ್ತಾರೆ. 45ಕ್ಕೆ ಸರಿಹೊಂದುವ ಲೋಡ್ ಕೂಡ ಇದೆ, 60ಕ್ಕೆ ಸರಿಹೊಂದುವ ಲೋಡ್ ಕೂಡ ಇದೆ. ಗಾಡಿಯಲ್ಲಿ ಏನು ತುಂಬಿದ್ದೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕಾರಿಗೆ ಈ ತಲೆನೋವು ಕಡಿಮೆ. ಒಬ್ಬರೇ ಕೂತರೂ ಐದು ಜನ ಕೂತರೂ ತೂಕದಲ್ಲಿ ಅಂಥ ವ್ಯತ್ಯಾಸ ಇಲ್ಲ. ಪಿಕಪ್ ಹಾಗಲ್ಲ. ನನ್ನದು ಬೊಲೆರೊ ಪಿಕಪ್. ರೊಬಸ್ಟಾ ಚೆರಿ (ಕಾಫಿ ಹಣ್ಣು) ಒಣಗಿದ ಮೇಲೆ ಚೀಲ ಹೊತ್ತು ಕುಶಾಲನಗರದ ಕಡೆ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ತೆಗೆಸಿ ಬೀಜ ಮಾಡಿಸುವಲ್ಲಿಗೆ, ಹೋಗುತ್ತದೆ. ಮಳೆಗೆ ಮುಂಚೆ ಗೊಬ್ಬರ ತರುತ್ತದೆ. ಉಳಿದ ದಿನ ಹೆಚ್ಚಾಗಿ ಖಾಲಿ, ಇಲ್ಲವೇ ಹಿಂದೆ ನಾಲ್ಕು ಜನ ಕೆಲಸದವರು, ಒಂದು ಏಣಿ, ಒಂದಿಷ್ಟು ಕತ್ತಿ. ಖಾಲಿ ಇದ್ದಾಗ ಹಿಂದಿನ ಟೈರಿಗೆ 55 ಇದ್ದರೆ ನೆಲ್ಯಹುದಿಕೇರಿ ರಸ್ತೆಯ ಪ್ರತಿ ಗುಂಡಿಯೂ ಸೊಂಟಕ್ಕೆ ಗೊತ್ತಾಗುತ್ತದೆ. ಸೊಂಟದ ಮಾತು ಬಿಡಿ, ಮಳೆಗಾಲದಲ್ಲಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಗಟ್ಟಿಯಾದ ಟೈರು, ಮೇಲೆ ತೂಕವಿಲ್ಲ, ಕೆಳಗೆ ಪಾಚಿ. ಹಾಗಂತ ಅದೇ ಟೈರಿಗೆ 35 ಬಿಟ್ಟು ಕಾಫಿ ತುಂಬಿದರೆ ಪಕ್ಕದ ಗೋಡೆ ಉಬ್ಬಿ, ಓಡುತ್ತಾ ಓಡುತ್ತಾ ಬಿಸಿಯಾಗುತ್ತದೆ. ಟೈರ್ ಸಿಡಿಯುವುದು ಬಹಳ ಸಲ ಗಾಳಿ ಜಾಸ್ತಿ ಆಗಿ ಅಲ್ಲ, ಕಡಿಮೆ ಆಗಿ.

ಹಾಗಾಗಿ ಸುಮ್ನೆ ಇನ್ನೊಬ್ಬರನ್ನು ಕೇಳುವ ಬದಲು ನನ್ನ ಗಾಡಿಯ ತೂಕದಿಂದಲೇ ಶುರು ಮಾಡೋಣ ಅನ್ನಿಸಿತು.

ಕ್ಯೂರಿಂಗ್‌ಗೆ ಹೋದಾಗ ಹೇಗೂ ಗಾಡಿ ಸಮೇತ ತೂಗುವ ವೇಬ್ರಿಡ್ಜ್ ಹತ್ತಲೇಬೇಕು. ಅಲ್ಲಿನವರನ್ನು ಒಪ್ಪಿಸಿ ಮೊದಲು ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಕ ನೋಡಿದೆ, ಆಮೇಲೆ ಪೂರ್ತಿ ಗಾಡಿ. ಇದರಲ್ಲಿ ಅದನ್ನು ಕಳೆದರೆ ಹಿಂದಿನ ಆಕ್ಸೆಲ್ ಮೇಲೆ ಎಷ್ಟು ಅಂತ ಸಿಗುತ್ತದೆ. ವೇಬ್ರಿಡ್ಜ್ ಮತ್ತು ಅದರ ಮುಂದಿನ ನೆಲ ಒಂದೇ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 50 ಕೆಜಿಯ 24 ಚೀಲ ತುಂಬಿದಾಗ ಮುಂದೆ 1040 ಕೆಜಿ, ಹಿಂದೆ 1870. ಇಳಿಸಿ ವಾಪಸ್ ಬರುವಾಗ ಮುಂದೆ 960, ಹಿಂದೆ 750.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. 1200 ಕೆಜಿ ತುಂಬಿದರೂ ಮುಂದಿನ ಒಂದೊಂದು ಟೈರಿಗೆ ಜಾಸ್ತಿ ಆಗಿದ್ದು ಬರೀ 40 ಕೆಜಿ. ಹಿಂದಿನ ಟೈರಿಗೆ ಮಾತ್ರ 375 ಇದ್ದದ್ದು 935 ಆಯಿತು. ಎರಡೂವರೆ ಪಟ್ಟು! ಅಂದರೆ ಮುಂದಕ್ಕೆ ವರ್ಷವಿಡೀ ಒಂದೇ ಲೆಕ್ಕ ಸಾಕು. ಹಿಂದಕ್ಕೆ ಎರಡು ಬೇಕು. ನಾಲ್ಕೂ ಚಕ್ರಕ್ಕೆ ಒಂದೇ ಸಮ ಗಾಳಿ ಹೊಡೆಸುವ ನಮ್ಮ ಕಡೆಯ ಅಭ್ಯಾಸ ಪಿಕಪ್‌ಗೆ ಯಾವಾಗಲೂ ಅರ್ಧ ತಪ್ಪೇ.

ಇನ್ನು ಟೈರಿನ ಮೇಲೆ ಏನು ಬರೆದಿದೆ ಅಂತ ನೋಡಬೇಕು. ಅಳತೆಯ ಪಕ್ಕದಲ್ಲಿ ಲೋಡ್ ಇಂಡೆಕ್ಸ್ ಇರುತ್ತದೆ. 100 ಅಂದರೆ ಆ ಟೈರು 800 ಕೆಜಿ ಹೊರುತ್ತದೆ, 106 ಅಂದರೆ 950, 110 ಅಂದರೆ 1060. ನನ್ನದರ ಮೇಲೆ 110/108 ಅಂತಿದೆ. ಹಿಂದೆ ಒಂದೊಂದೇ ಟೈರ್ ಇರುವ ಗಾಡಿಗೆ ಮೊದಲ ಅಂಕಿ, ಜೋಡಿ ಟೈರಿನ ಗಾಡಿಗೆ ಎರಡನೆಯದು. ಅಲ್ಲೇ ಸಣ್ಣ ಅಕ್ಷರದಲ್ಲಿ 65 ಪಿಎಸ್‌ಐ ಅಂತಲೂ ಇದೆ. ಬಹಳ ಜನ ಅದನ್ನೇ ಹಾಕಬೇಕಾದ ಗಾಳಿ ಅಂದುಕೊಳ್ಳುತ್ತಾರೆ. ಅದು ಪೂರ್ತಿ 1060 ಕೆಜಿ ಹೊರುವಾಗ, ಟೈರ್ ತಣ್ಣಗಿದ್ದಾಗ ಇರಬೇಕಾದದ್ದು. ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ ಅನ್ನುವ ಗಡಿ.

ಇಷ್ಟು ಗೊತ್ತಾದರೆ ಸರಳ ಲೆಕ್ಕ. 65ನ್ನು 935ರಿಂದ ಗುಣಿಸಿ 1060ರಿಂದ ಭಾಗಿಸಿದರೆ 57 ಚಿಲ್ಲರೆ. ತುಂಬಿದ ಗಾಡಿಯ ಹಿಂದಿನ ಟೈರಿಗೆ ಇದು. ಖಾಲಿ ಗಾಡಿಗೆ ಅದೇ ಲೆಕ್ಕ ಹಾಕಿದರೆ 23 ಬರುತ್ತದೆ. ಅಷ್ಟು ಇಳಿಸುವುದು ಬೇಡ. ತಿರುವಿನಲ್ಲಿ ಟೈರ್ ಓಲಾಡುತ್ತದೆ, ತೋಟದ ದಾರಿಯ ಕಲ್ಲಿಗೆ ಬಡಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕದ ಗೋಡೆ ಕತ್ತರಿಸುತ್ತದೆ. ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಕಂಪನಿಯವರು ಕೊಟ್ಟ ಅಂಕಿಗಿಂತ ಕೆಳಗೆ ಹೋಗಬಾರದು ಅನ್ನುವುದು ನನ್ನ ನಿಯಮ. ಮುಂದಕ್ಕೆ ಲೆಕ್ಕದಲ್ಲಿ 32 ಬಂತು. ಆದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ನಮ್ಮಲ್ಲಿ ಇಳಿಜಾರಿಗೇನು ಬರ ಇಲ್ಲ. ಅದಕ್ಕೆ 35 ಇಟ್ಟೆ.

ಲೆಕ್ಕ ಕಾಗದದ ಮೇಲೆ ಸರಿ, ನೆಲದ ಮೇಲೆ ಹೇಗೆ? ಇದಕ್ಕೆ ಸೀಮೆಸುಣ್ಣದ ಪರೀಕ್ಷೆ ಇದೆ. ಟೈರಿನ ಬಟನ್ (ನೆಲ ಮುಟ್ಟುವ ಕಚ್ಚಿನ ಭಾಗ) ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪ ಗೆರೆ ಎಳೆದು, ನೇರವಾಗಿ ಸ್ವಲ್ಪ ದೂರ ಓಡಿಸಿ, ಗೆರೆ ಎಲ್ಲಿ ಅಳಿಸಿದೆ ಅಂತ ನೋಡುವುದು. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಎರಡು ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಆದರೆ ಕೊಡಗಿನಲ್ಲಿ ಸಮತಟ್ಟಾದ, ನೇರವಾದ, ಗುಂಡಿಯಿಲ್ಲದ ಜಾಗ ಎಲ್ಲಿಂದ ತರುವುದು? ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆಯಲ್ಲ! ಕಣ ಖಾಲಿ ಇರುವಾಗ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಲೋಡ್ ಗಾಡಿ ಕಣದ ಮೇಲೆ ಹತ್ತಿಸುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಗಲಿಲ್ಲ, ಅದು ಬೇರೆ ವಿಷಯ. ನಿಮ್ಮ ಕಣದ ಕಾಂಕ್ರೀಟ್ ತೆಳುವಾಗಿದ್ದರೆ ಖಾಲಿ ಗಾಡಿಯ ಪರೀಕ್ಷೆ ಮಾತ್ರ ಅಲ್ಲಿ ಮಾಡಿ.

ಖಾಲಿ ಗಾಡಿಗೆ ಹಿಂದೆ 55 ಇದ್ದಾಗ ನಡುವೆ ನಾಲ್ಕು ಬೆರಳಗಲ ಮಾತ್ರ ಅಳಿಸಿತು. ಅಂದರೆ ಟೈರಿನ ಉಳಿದ ಭಾಗ ನೆಲ ಮುಟ್ಟುತ್ತಲೇ ಇರಲಿಲ್ಲ. ಮಳೆಯಲ್ಲಿ ಜಾರದೆ ಇನ್ನೇನು ಮಾಡುತ್ತದೆ? ಐದೈದು ಇಳಿಸುತ್ತಾ ಬಂದಂತೆ ಅಳಿಸಿದ ಜಾಗ ಅಗಲವಾಗುತ್ತಾ ಹೋಯಿತು. 32ರ ಹತ್ತಿರ ಗೆರೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ತುಂಬಿದ ಗಾಡಿಗೆ 42ರಲ್ಲಿ ಅಂಚುಗಳು ಮೊದಲು ಅಳಿಸಿದವು, 57ರಲ್ಲಿ ಸಮವಾಗಿ. ಕಾಗದದ ಲೆಕ್ಕ ಬಹಳ ದೂರ ಹೋಗಿರಲಿಲ್ಲ.

ಕೊನೆಯ ಪರೀಕ್ಷೆ ಬಿಸಿಯದು. ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ. ಬೆಳಿಗ್ಗೆ ತಣ್ಣಗಿದ್ದಾಗ ಅಳೆದು, ಲೋಡ್ ಹೊತ್ತು ಗುಡ್ಡೆಹೊಸೂರು ಸೇರಿದ ಕೂಡಲೇ ನಿಲ್ಲಿಸಿ ಮತ್ತೆ ಅಳೆದೆ. 57 ಇದ್ದದ್ದು 62 ಆಗಿತ್ತು. ಹತ್ತನೇ ಒಂದು ಭಾಗದಷ್ಟು ಏರಿದರೆ ಪರವಾಗಿಲ್ಲ ಅನ್ನುವುದು ಲೋಡ್ ಗಾಡಿ ಓಡಿಸುವವರ ಹಳೆಯ ಅಂದಾಜು. ಅದೇ ಲೋಡಿಗೆ 48ರಲ್ಲಿ ಹೊರಟಾಗ 56ಕ್ಕೆ ಏರಿತು. ಗಾಳಿ ಕಡಿಮೆ ಇದ್ದಷ್ಟೂ ಟೈರ್ ಜಾಸ್ತಿ ಮಡಚುತ್ತದೆ, ಮಡಚಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಏರಿದೆ ಅಂತ ಬಿಸಿ ಟೈರಿನಿಂದ ಗಾಳಿ ಬಿಡುವವರಿದ್ದಾರೆ. ದಯವಿಟ್ಟು ಬೇಡ. ತಣ್ಣಗಾದ ಮೇಲೆ ಇನ್ನೂ ಕಡಿಮೆ ಆಗಿ, ಮರುದಿನ ಇನ್ನೂ ಜಾಸ್ತಿ ಬಿಸಿಯಾಗುತ್ತದೆ.

ತಣ್ಣಗೆ ಅಂದೆನಲ್ಲ, ಅದರಲ್ಲೂ ಒಂದು ಮಾತಿದೆ. ಹೊರಗಿನ ಶಾಖ 10 ಡಿಗ್ರಿ ಏರಿದರೆ 32 ಇರುವ ಟೈರಿನಲ್ಲಿ ಸುಮಾರು ಒಂದೂವರೆ ಪಾಯಿಂಟ್, 57 ಇರುವುದರಲ್ಲಿ ಸುಮಾರು ಎರಡೂವರೆ ಪಾಯಿಂಟ್ ಏರುತ್ತದೆ. ಡಿಸೆಂಬರ್ ಮುಂಜಾವಿಗೂ ಅದೇ ದಿನದ ಮಧ್ಯಾಹ್ನಕ್ಕೂ ನಮ್ಮಲ್ಲಿ ಅಷ್ಟು ವ್ಯತ್ಯಾಸ ಸುಲಭವಾಗಿ ಆಗುತ್ತದೆ. ಶೆಡ್ಡಿನ ಹೊರಗೆ ನಿಲ್ಲಿಸಿದರೆ ಬಿಸಿಲು ಬಿದ್ದ ಕಡೆಯ ಟೈರು ಇನ್ನೊಂದು ಕಡೆಗಿಂತ ಜಾಸ್ತಿ ತೋರಿಸುತ್ತದೆ. ಬಿಸಿಲು ಬೀಳುವ ಮುಂಚೆ, ಮನೆಯಲ್ಲೇ, ನಿಮ್ಮದೇ ಗೇಜಿನಿಂದ ಅಳೆಯಿರಿ. ಎರಡು ಕಡೆಯ ಪೈಪಿನ ಮೀಟರ್ ಒಂದೇ ಟೈರಿಗೆ ನಾಲ್ಕು ಪಾಯಿಂಟ್ ವ್ಯತ್ಯಾಸ ತೋರಿಸಿದ್ದನ್ನು ನೋಡಿದ್ದೇನೆ. ಗೇಜ್ ದುಬಾರಿ ಇರಬೇಕಾಗಿಲ್ಲ, ಯಾವಾಗಲೂ ಒಂದೇ ಗೇಜ್ ಇದ್ದರೆ ಸಾಕು.

ಘಟ್ಟ ಇಳಿಯುವವರು ಕೇಳುವ ಪ್ರಶ್ನೆ ಇನ್ನೊಂದು. ಮಡಿಕೇರಿಯಿಂದ ಸಂಪಾಜೆ ದಾಟಿ ಸುಳ್ಯಕ್ಕೆ ಹೋದರೆ ಸುಮಾರು ಒಂದು ಸಾವಿರ ಮೀಟರ್ ಇಳಿಯುತ್ತೇವೆ. ಕೆಳಗೆ ಹೊರಗಿನ ಗಾಳಿಯ ಒತ್ತಡವೇ ಜಾಸ್ತಿ, ಹಾಗಾಗಿ ಗೇಜು ಸುಮಾರು ಒಂದೂವರೆ ಪಾಯಿಂಟ್ ಕಡಿಮೆ ತೋರಿಸುತ್ತದೆ. ಆದರೆ ಅಲ್ಲಿ ಸೆಕೆ. ಅದು ಹೆಚ್ಚುಕಡಿಮೆ ಅಷ್ಟನ್ನೇ ಏರಿಸುತ್ತದೆ. ಒಂದಕ್ಕೊಂದು ಸರಿಹೋಗುತ್ತದೆ, ನಾನು ಏನೂ ಮಾಡಲು ಹೋಗುವುದಿಲ್ಲ. ನೈಟ್ರೋಜನ್ ಬಗ್ಗೆಯೂ ಅಷ್ಟೇ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಸಿಕ್ಕರೆ ಹಾಕಿಸಿ, ಅದಕ್ಕಾಗಿ ದೂರ ಹೋಗಬೇಡಿ.

ಮಳೆಗಾಲದ ಕೆಸರಿಗೆ ಬೇರೆ ಲೆಕ್ಕ. ತೋಟದೊಳಗೆ ಖಾಲಿ ಗಾಡಿ ಹೂತುಕೊಳ್ಳುವ ಹಾಗಿದ್ದರೆ ಹಿಂದಿನದನ್ನು 22-24ಕ್ಕೆ ಇಳಿಸುತ್ತೇನೆ. ನೆಲ ಮುಟ್ಟುವ ಭಾಗ ಉದ್ದವಾಗಿ ಹಿಡಿತ ಸಿಗುತ್ತದೆ. ಪುಸ್ತಕದ ಅಂಕಿಗಿಂತ ಕೆಳಗೆ ಹೋಗುವುದು ಇದೊಂದೇ ಕಡೆ, ಅದೂ ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ. ಟಾರು ಹತ್ತುವ ಮುಂಚೆ ಮತ್ತೆ ತುಂಬಿಸಲೇಬೇಕು. ಲೋಡ್ ಇದ್ದರೆ ಇಳಿಸುವುದೇ ಇಲ್ಲ, ಚೈನ್ ಕಟ್ಟುತ್ತೇನೆ. ಬಟನ್ ತುಂಬ ಜೇಡಿ ಮೆತ್ತಿಕೊಂಡ ಮೇಲೆ ಗಾಳಿಯ ಆಟ ಹೇಗೂ ನಡೆಯುವುದಿಲ್ಲ.

ಇದೆಲ್ಲಕ್ಕೂ ಒಂದು ಕಂಪ್ರೆಸರ್ ಬೇಕು. ಸಿಗರೇಟ್ ಲೈಟರ್‌ಗೆ ಚುಚ್ಚುವ ಸಣ್ಣದು ಕಾರಿಗೆ ಸರಿ, 57ರವರೆಗೆ ಹೋಗುವಷ್ಟರಲ್ಲಿ ಅದೇ ಬೆವರುತ್ತದೆ. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವ 12 ವೋಲ್ಟಿನದು ತೆಗೆದುಕೊಂಡೆ. ತುಂಬಿಸುವಾಗ ಎಂಜಿನ್ ಓಡುತ್ತಿರಬೇಕು. ಹಿಂದಿನ ರಾತ್ರಿಯೇ ಚೀಲ ತುಂಬಿಟ್ಟರೆ ಬೆಳಿಗ್ಗೆ ಎರಡು ಟೈರಿಗೆ ತುಂಬಿಸಿ ಹೊರಡುತ್ತೇನೆ. ವಾಪಸ್ ಬರುವಾಗ ಖಾಲಿ ಗಾಡಿಗೆ 57 ಇರುತ್ತದೆ, ಆ ಒಂದು ದಾರಿ ನಿಧಾನವಾಗಿ ಬರುತ್ತೇನೆ. ಮರುದಿನವೂ ಲೋಡ್ ಇದ್ದರೆ ಇಳಿಸುವುದಿಲ್ಲ. ಅರ್ಧ ಲೋಡಿಗೆ 45. ಗೊಬ್ಬರ ತರುವಾಗ ಚೀಲ ಎಣಿಸಿ ಸುಮ್ಮನಾಗಬೇಡಿ, ಯೂರಿಯಾ ಚೀಲ ಈಗ 45 ಕೆಜಿ, ಡಿಎಪಿ 50.

ನನ್ನ ಅಂಕಿ ನಿಮ್ಮ ಗಾಡಿಗೆ ಹಾಕಬೇಡಿ. ಟೈರಿನ ಅಳತೆ, ಲೋಡ್ ಇಂಡೆಕ್ಸ್, ಹಿಂದಿನ ತೂಕ ಬೇರೆ ಇದ್ದರೆ ಉತ್ತರವೂ ಬೇರೆ. ರೀಸೋಲ್ ಟೈರ್ (ಸವೆದ ಟೈರಿಗೆ ಹೊಸ ಬಟನ್ ಹಾಕಿಸಿದ್ದು) ಆಗಿದ್ದರೆ ಬಿಸಿಯ ಪರೀಕ್ಷೆಯನ್ನು ಇನ್ನೂ ಎಚ್ಚರದಿಂದ ಮಾಡಿ.

ಸ್ಟೆಪ್ನಿಯನ್ನು ಮಾತ್ರ ನಾನು ಯಾವಾಗಲೂ 60ರಲ್ಲಿ ಇಡುತ್ತೇನೆ. ಸಿದ್ದಾಪುರ ಕಡೆ ಸಂಜೆ ಮೇಲೆ ಆನೆ ಯಾವ ತೋಟದಿಂದ ರಸ್ತೆಗೆ ಬರುತ್ತದೆ ಅಂತ ಹೇಳಲಾಗದು. ಅಂಥ ಹೊತ್ತಲ್ಲಿ ಕಂಪ್ರೆಸರ್ ಹಚ್ಚಿಕೊಂಡು ಕೂರುವುದು ಯಾರಿಗೆ ಬೇಕು, ಅಲ್ವಾ? ಲೋಡ್ ಇದ್ದರೆ ಹಾಗೇ ಹಿಂದಕ್ಕೆ ಹಾಕಿ ಹೊರಡಬಹುದು. ಮುಂದಕ್ಕೆ ಬೇಕಾದರೆ ವಾಲ್ವ್ ಪಿನ್ ಒತ್ತಿ 35ಕ್ಕೆ ಇಳಿಸಿದರಾಯ್ತು.